ಒಂದೇ ಎಂದು ತೋರುವ ಇಂಗ್ಲಿಷ್ ಮಾತುಗಳು
(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕೇಳುವುದಕ್ಕೆ ಒಂದೇ ಎನಿಸಿ ಅರ್ಥದಲ್ಲಿ ಬೇರೆಯಾಗುವ ಇಂಗ್ಲಿಷ್ ಮಾತುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಇದು ಶಾಲೆಯ ಮಕ್ಕಳಿಗೆ ಸರಿ, ಆರು ಕಟ್ಟುವವರಿಗೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ತೋರಬಹುದು. ‘ಸ್ಟೇಷನರಿ’ ಎಂಬ ಮಾತಿದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬದಲಾದರೆ ಕಾಗದ ಪೆನ್ಸಿಲು ಎಂಬ ಅರ್ಥ ಹೋಗಿ, ನಿಂತಲ್ಲೇ ನಿಂತಿರುವುದು ಎಂಬ ಅರ್ಥ ಬರುತ್ತದೆ. ಅದನ್ನು ತಪ್ಪಾಗಿ ಬರೆದ ಹುಡುಗನಿಗೆ ಅರ್ಧ ಅಂಕ ಕಡಿಮೆಯಾದೀತು. ಆ ಬಗೆಯ ಮಾತುಗಳನ್ನು ಮೇಷ್ಟರಿಗೆ ಬಿಡೋಣ. ಪಾಸ್‌ಬುಕ್ಕಿನಲ್ಲಿ, ಔಷಧಿಯ ಡಬ್ಬಿಯ ಮೇಲೆ, ಜಮೀನಿನ ಪತ್ರದಲ್ಲಿ, ಟ್ಯಾಂಕರಿನ ಬೆನ್ನ ಮೇಲೆ ಕುಳಿತು ನಮ್ಮ ಮನೆಬಾಗಿಲಿಗೆ ಬರುವ ಇಂಗ್ಲಿಷ್ ಮಾತುಗಳಿವೆಯಲ್ಲ, ಅವನ್ನು ತಪ್ಪು ತಿಳಿದರೆ ಬೆಳೆ ಹೋಗುತ್ತದೆ, ಜಮೀನು ಹೋಗುತ್ತದೆ, ಕೆಲವು ವೇಳೆ ಜೀವವೇ ಹೋಗುತ್ತದೆ.

ಗೊಂದಲ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಇಂಗ್ಲಿಷಿನವರು ಬರೆಯುವುದೊಂದು, ಉಚ್ಚರಿಸುವುದೊಂದು. ನಾವು ಕಿವಿಗೆ ಬಿದ್ದದ್ದನ್ನು ಬರೆಯುವವರು. ಹೀಗಿರಲಾಗಿ ಅವರ ಬರಹದಲ್ಲಿ ಬೇರೆ ಬೇರೆಯಾಗಿರುವ ಮಾತುಗಳು ನಮ್ಮ ಲಿಪಿಗೆ ಬಂದಾಗ ಒಂದೇ ಆಗಿಬಿಡುತ್ತವೆ. ಬಸ್ಸಿನ ಕಂಡಕ್ಟರು ‘ರೈಟ್, ರೈಟ್’ ಎಂದರೆ ಗಾಡಿ ಹೊರಡಲಿ ಎಂದು. ಬಲಗಡೆಗೂ ರೈಟ್, ಸರಿ ಎನ್ನುವುದಕ್ಕೂ ರೈಟ್, ಹಕ್ಕಿಗೂ ರೈಟ್. ಬರೆಯುವುದಕ್ಕೂ ರೈಟ್, ಆದರೆ ಇಂಗ್ಲಿಷಿನಲ್ಲಿ ಇದರ ಅಕ್ಷರಗಳೇ ಬೇರೆ.

ಈ ಕೊನೆಯ ರೈಟ್‌ನಿಂದ ಹುಟ್ಟಿದ ‘ರೈಟ್ ಆಫ್’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಹಳ ತಪ್ಪು ಆಸೆಯನ್ನು ಹುಟ್ಟಿಸಿದೆ. ಬ್ಯಾಂಕುಗಳು ಇಷ್ಟು ಸಾಲವನ್ನು ರೈಟ್ ಆಫ್ ಮಾಡಿದವು ಎಂದು ಪತ್ರಿಕೆಯಲ್ಲಿ ಬರುತ್ತದೆ. ಓದಿದವರು ಸಾಲ ಮನ್ನಾ ಆಯಿತೆಂದು ತಿಳಿಯುತ್ತಾರೆ. ಮನ್ನಾ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ವೇವರ್’ ಎಂಬ ಬೇರೆ ಮಾತೇ ಇದೆ. ನಮ್ಮ ಊರಿನ ಅಂಗಡಿಯ ಸೆಟ್ಟರನ್ನೇ ನೆನೆಯಿರಿ. ಬಹುಕಾಲದಿಂದ ಬಾರದ ಕಡದ ಬಾಕಿಯನ್ನು ಅವರು ದಿನವಹಿ ಪುಸ್ತಕದಿಂದ ತೆಗೆದು ಹಳೇಬಾಕಿಯ ಪುಸ್ತಕಕ್ಕೆ ಬರೆದಿಟ್ಟುಕೊಂಡರೆ ಅದು ರೈಟ್ ಆಫ್. ‘ಹೋಗಲಿ ಬಿಡಪ್ಪ, ಕೊಡಬೇಡ’ ಎಂದು ಪುಟವನ್ನೇ ಹರಿದರೆ ಅದು ವೇವರ್. ಬ್ಯಾಂಕು ರೈಟ್ ಆಫ್ ಮಾಡುವುದು ತನ್ನ ಲೆಕ್ಕ ಚೊಕ್ಕಟವಾಗಿರಲೆಂದು. ಸಾಲಗಾರನ ಹೊಣೆ ಹಾಗೆಯೇ ಉಳಿಯುತ್ತದೆ. ನೋಟೀಸು ಬರುತ್ತದೆ, ದಾವೆಯೂ ನಡೆಯುತ್ತದೆ. 2018ರಲ್ಲಿ ಕರ್ನಾಟಕ ಸರ್ಕಾರವು ಬೆಳೆಸಾಲದ ವಿಷಯದಲ್ಲಿ ಪ್ರಕಟಿಸಿದ್ದು ಮನ್ನಾ. ಅಲ್ಲಿ ರೈತನ ಪರವಾಗಿ ಸರ್ಕಾರ ಹಣ ತುಂಬಬೇಕಾಯಿತು. ಎರಡರಲ್ಲಿ ಯಾವುದೆಂದು ಅನುಮಾನವಿದ್ದರೆ ಬ್ಯಾಂಕಿನಲ್ಲಿ ‘ಬಾಕಿ ಇಲ್ಲ’ ಎಂಬ ಪತ್ರವನ್ನು ಕೇಳಿರಿ. ಮನ್ನಾ ಆಗಿದ್ದರೆ ಕೊಡುತ್ತಾರೆ, ಬರೀ ರೈಟ್ ಆಫ್ ಆಗಿದ್ದರೆ ಕೊಡುವುದಿಲ್ಲ.

ಇದೇ ಸಾಲಿಗೆ ‘ಮೊರಟೋರಿಯಂ’ ಎಂಬುದನ್ನೂ ಸೇರಿಸಬೇಕು. ಕೊರೋನಾ ಜಾಡ್ಯದ ಕಾಲದಲ್ಲಿ, 2020ರ ಮಾರ್ಚಿಯಿಂದ ಆಗಸ್ಟಿನವರೆಗೆ, ಕಂತು ಕಟ್ಟಲು ರಿಸರ್ವ್ ಬ್ಯಾಂಕು ಅವಕಾಶವನ್ನು ಮುಂದೂಡಲು ಒಪ್ಪಿತು. ಆರು ತಿಂಗಳ ಕಂತು ಬಿಟ್ಟುಹೋಯಿತೆಂದು ಅನೇಕರು ಹಿಗ್ಗಿದರು. ಮೊರಟೋರಿಯಂ ಎಂದರೆ ತಡೆದು ನಿಲ್ಲಿಸುವುದು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಆ ಅವಧಿಯ ಬಡ್ಡಿಯ ಮೇಲೆ ಬಡ್ಡಿ ಹಾಕಕೂಡದೆಂದು ಸುಪ್ರೀಂ ಕೋರ್ಟು 2021ರ ಮಾರ್ಚಿಯಲ್ಲಿ ಹೇಳಿತು. ಅಸಲು ಬಡ್ಡಿಯನ್ನಂತೂ ಎಲ್ಲರೂ ತೆರಬೇಕಾಯಿತು.

ಬಡ್ಡಿಯ ಮಾತು ಬಂದದ್ದರಿಂದ ‘ಪರ್ಸೆಂಟ್’ ಎಂಬುದನ್ನೂ ಹೇಳಿಬಿಡುತ್ತೇನೆ. ಊರಿನ ಲೇವಾದೇವಿಯವರು ಎರಡು ಪರ್ಸೆಂಟ್ ಎಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಅಂದರೆ ವರ್ಷಕ್ಕೆ 24. ಬ್ಯಾಂಕಿನವರು ಹೇಳುವುದು ವರ್ಷದ ಲೆಕ್ಕ. ಆ ವರ್ಷದ ಲೆಕ್ಕದಲ್ಲಿಯೂ ‘ಫ್ಲಾಟ್’ ಎಂದೂ ‘ರೆಡ್ಯೂಸಿಂಗ್’ ಎಂದೂ ಎರಡು ಬಗೆ. ಒಂದು ಲಕ್ಷ ರೂಪಾಯನ್ನು ಶೇಕಡ 12ರಂತೆ ಮೂರು ವರ್ಷಕ್ಕೆ ತಿಂಗಳ ಕಂತಿನ ಮೇಲೆ ತಂದಿರೆನ್ನಿ. ಫ್ಲಾಟ್ ಆದರೆ ಮೊದಲಿನ ಒಂದು ಲಕ್ಷಕ್ಕೇ ಕೊನೆಯವರೆಗೂ ಬಡ್ಡಿ ಬೀಳುತ್ತದೆ, ಒಟ್ಟು 36,000. ರೆಡ್ಯೂಸಿಂಗ್ ಆದರೆ ತೀರಿಸಿದಷ್ಟು ಕಳೆದು ಉಳಿದ ಅಸಲಿಗೆ ಮಾತ್ರ ಬಡ್ಡಿ, ಒಟ್ಟು ಸುಮಾರು 19,600. ಎರಡೂ ಕಡೆ ಬಾಯಲ್ಲಿ ಹೇಳುವುದು ‘ಹನ್ನೆರಡು ಪರ್ಸೆಂಟ್’ ಎಂದೇ.

‘ಕ್ರೆಡಿಟ್’ ಎಂಬುದು ಇನ್ನೊಂದು ತೊಡಕಿನ ಮಾತು. ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಎಂದರೆ ಜಮೆ, ಡೆಬಿಟ್ ಎಂದರೆ ಖರ್ಚು. ಹಾಗಾದರೆ 1998ರಲ್ಲಿ ಶುರುವಾದ ಕಿಸಾನ್ ಕ್ರೆಡಿಟ್ ಕಾರ್ಡಿನ ಕ್ರೆಡಿಟ್ ಏಕೆ ಸಾಲವಾಯಿತು? ಈ ಮಾತಿನ ಲ್ಯಾಟಿನ್ ಮೂಲಕ್ಕೆ ನಂಬುವುದು ಎಂದು ಅರ್ಥ. ನೀವು ಬ್ಯಾಂಕನ್ನು ನಂಬಿ ಹಣವಿಟ್ಟರೂ ಕ್ರೆಡಿಟ್, ಬ್ಯಾಂಕು ನಿಮ್ಮನ್ನು ನಂಬಿ ಹಣ ಕೊಟ್ಟರೂ ಕ್ರೆಡಿಟ್. ಯಾರು ಯಾರನ್ನು ನಂಬಿದರೆಂದು ನೋಡಿದರೆ ಅರ್ಥ ತಾನೇ ಬಿಡಿಸಿಕೊಳ್ಳುತ್ತದೆ. ಟೆಲಿಫೋನಿನಲ್ಲಿ ‘ನಿಮಗೆ ಹಣ ಕ್ರೆಡಿಟ್ ಮಾಡುತ್ತೇವೆ, ಪಿನ್ ಒತ್ತಿರಿ’ ಎನ್ನುವವರು ಮಾತ್ರ ಈ ಎರಡು ಮಾತನ್ನು ಬೇಕೆಂದೇ ಅದಲುಬದಲು ಮಾಡುವವರು. ಹಣ ಬರುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಆಗುವುದು ಡೆಬಿಟ್.

ಇನ್ನು ಜಮೀನಿನ ಪತ್ರಗಳು. ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮ ಹಿರಿಯರು ಈ ವ್ಯವಹಾರಗಳಿಗೆಲ್ಲ ಬಹಳ ಖಚಿತವಾದ ಕನ್ನಡ ಮಾತುಗಳನ್ನು ಇಟ್ಟುಕೊಂಡಿದ್ದರು. ಅವನ್ನು ಬಿಟ್ಟು ಇಂಗ್ಲಿಷ್ ಮಾತು ಹಿಡಿದ ಮೇಲೆಯೇ ಗೊಂದಲ ಹೆಚ್ಚಿತೆಂದು ನನ್ನ ಎಣಿಕೆ. ‘ಅಗ್ರಿಮೆಂಟ್ ಆಗಿದೆ’ ಎಂದು ಹಣವೆಲ್ಲವನ್ನೂ ಕೊಟ್ಟು ಸ್ವಾಧೀನಕ್ಕೆ ಬಂದು ಮನೆ ಕಟ್ಟಿಕೊಂಡವರಿದ್ದಾರೆ. ಅಗ್ರಿಮೆಂಟ್ ಎಂದರೆ ಕರಾರುಪತ್ರ, ಮುಂದೆ ಮಾರುತ್ತೇನೆಂಬ ಮಾತು. ‘ಸೇಲ್ ಡೀಡ್’ ಎಂದರೆ ಕ್ರಯಪತ್ರ, ಮಾರಿದ್ದೇನೆಂಬ ಮಾತು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೆಯ ಕಲಮಿನಲ್ಲಿ, ಮಾರಾಟದ ಕರಾರಿನಿಂದಲೇ ಸ್ವತ್ತಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಮಾರಾಟಕ್ಕೆ ನೋಂದಣಿ ಆಗಲೇಬೇಕು. ನೂರು ರೂಪಾಯಿಗಿಂತ ಕಡಿಮೆ ಬೆಲೆಯ ಜಮೀನು ಈಗ ಎಲ್ಲಿದೆ? ‘ಜಿ.ಪಿ.ಎ.’ ಎಂಬುದು ಬರೀ ಅಧಿಕಾರಪತ್ರ. ಅದರಿಂದ ಮಾಲೀಕತ್ವ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ತೀರ್ಮಾನಿಸಿದೆ.

‘ಮಾರ್ಟ್‌ಗೇಜ್’, ‘ಪ್ಲೆಜ್’, ‘ಹೈಪಾಥಿಕೇಷನ್’ ಎಂಬ ಮೂರನ್ನೂ ನಾವು ‘ಅಡ ಇಟ್ಟಿದ್ದೇನೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಜಮೀನು ಮನೆಯ ಮೇಲಾದರೆ ಮಾರ್ಟ್‌ಗೇಜ್, ಅಂದರೆ ಅಡಮಾನ. ಒಡವೆಯನ್ನು ಬ್ಯಾಂಕಿನ ಪೆಟ್ಟಿಗೆಗೆ ಕೊಟ್ಟು ಬಂದರೆ ಪ್ಲೆಜ್, ಅಂದರೆ ಗಿರವಿ. ಗಡುವು ಮೀರಿದರೆ ತಕ್ಕ ನೋಟೀಸು ಕೊಟ್ಟು ಅವರು ಅದನ್ನು ಮಾರಬಹುದು, ಆದುದರಿಂದ ನೋಟೀಸು ತಲುಪುವಂತೆ ವಿಳಾಸ ಸರಿಯಾಗಿರಬೇಕು. ಟ್ರಾಕ್ಟರು ನಿಮ್ಮ ಕೊಟ್ಟಿಗೆಯಲ್ಲೇ ಇದ್ದು ಅದರ ಮೇಲಿನ ಹಿಡಿತ ಬ್ಯಾಂಕಿಗಿದ್ದರೆ ಹೈಪಾಥಿಕೇಷನ್. ಸಾಲ ತೀರಿದೊಡನೆ ಟ್ರಾಕ್ಟರು ತಾನಾಗಿ ಬಿಡುಗಡೆಯಾಗುವುದಿಲ್ಲ. ಬ್ಯಾಂಕಿನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆದು ಆರ್.ಟಿ.ಒ. ಕಚೇರಿಯಲ್ಲಿ ಆರ್.ಸಿ. ಪುಸ್ತಕದ ಆ ನಮೂದನ್ನು ತೆಗೆಸಬೇಕು. ತೆಗೆಸದೆ ಬಿಟ್ಟವರಿಗೆ ಟ್ರಾಕ್ಟರು ಮಾರುವ ದಿನ ಫಜೀತಿ.

ಪಟ್ಟಣಕ್ಕೆ ಹೋದ ನಮ್ಮ ಮಕ್ಕಳು ‘ಲೀಸಿಗೆ ಮನೆ ಹಿಡಿದಿದ್ದೇವೆ’ ಎನ್ನುತ್ತಾರೆ. ಲೀಸ್ ಎಂದರೆ ಗುತ್ತಿಗೆ, ಅದಕ್ಕೆ ಬಾಡಿಗೆಯುಂಟು. ಇಡುಗಂಟನ್ನು ಕೊಟ್ಟು ಬಾಡಿಗೆಯಿಲ್ಲದೆ ವಾಸಮಾಡಿ, ಬಿಡುವಾಗ ಗಂಟನ್ನು ಹಿಂದಕ್ಕೆ ಪಡೆಯುವುದು ನಮ್ಮ ಹಳೆಯ ಭೋಗ್ಯ. ಅದು ಅಡಮಾನದ ಒಂದು ಬಗೆ. ಮನೆಯವನು ಅದೇ ಮನೆಯ ಮೇಲೆ ಮೊದಲೇ ಬ್ಯಾಂಕಿನಲ್ಲಿ ಸಾಲ ತೆಗೆದಿದ್ದರೆ, ನೋಂದಣಿಯಾಗದ ‘ಲೀಸ್’ ಕಾಗದವನ್ನು ಹಿಡಿದು ನಿಂತವನ ಗಂಟು ಅಪಾಯದಲ್ಲಿದೆ. ಹಣ ಕೊಡುವ ಮುಂಚೆ ಋಣಭಾರ ಪತ್ರ, ಅಂದರೆ ಎಲ್ಲರೂ ಇ.ಸಿ. ಎನ್ನುವುದನ್ನು, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆಗೆಸಿ ನೋಡಬೇಕು.

ಸಾಕ್ಷಿ ಮತ್ತು ಜಾಮೀನಿನ ಭೇದವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸಂಕೋಚದಿಂದ ಮನೆ ಕಳೆದುಕೊಳ್ಳುವುದು ಇಲ್ಲಿಯೇ. ‘ಅಣ್ಣಾ, ಇಲ್ಲೊಂದು ಸೈನ್ ಹಾಕು’ ಎಂದು ನೆಂಟರು ಕೇಳುತ್ತಾರೆ. ಕಾಗದದಲ್ಲಿ ‘ವಿಟ್ನೆಸ್’ ಎಂದಿದ್ದರೆ ನೀವು ಸಾಕ್ಷಿ. ಇವನು ನನ್ನ ಕಣ್ಣೆದುರಿಗೆ ರುಜು ಮಾಡಿದನೆಂದು ಹೇಳಬೇಕಾದವರು, ಹೊಣೆ ಅಷ್ಟಕ್ಕೇ. ‘ಗ್ಯಾರಂಟರ್’ ಅಥವಾ ‘ಶ್ಯೂರಿಟಿ’ ಎಂದಿದ್ದರೆ ನೀವು ಜಾಮೀನುದಾರರು. 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಬ್ಯಾಂಕು ಮೊದಲು ಸಾಲಗಾರನನ್ನು ಹಿಡಿದು, ಆಗದಿದ್ದಾಗ ಮಾತ್ರ ನಿಮ್ಮ ಬಳಿಗೆ ಬರಬೇಕೆಂಬ ನಿಯಮವಿಲ್ಲ. ‘ಕೋ-ಆಬ್ಲಿಗೆಂಟ್’ ಎಂದಿದ್ದರಂತೂ ಸಾಲ ನೀವೇ ತಂದ ಹಾಗೆ. ತಾಯಂದಿರು ಗುಂಪಿನ ಸಾಲಕ್ಕೆ ರುಜು ಹಾಕುವಾಗ ‘ಜಾಯಿಂಟ್ ಲಯಬಿಲಿಟಿ’ ಎಂಬ ಮಾತಿದೆಯೇ ಎಂದು ಕೇಳಿ ತಿಳಿಯಬೇಕು. ಇದ್ದರೆ ಒಬ್ಬಾಕೆಯ ಕಂತು ತಪ್ಪಿದ ವಾರ ಉಳಿದವರು ಅದನ್ನು ತುಂಬಬೇಕು.

ಇದುವರೆಗೆ ಹೇಳಿದ್ದರಲ್ಲಿ ಕನ್ನಡದಲ್ಲಿ ಭೇದವಿತ್ತು, ನಾವು ಮರೆತೆವು. ಇನ್ನು ಮೇಲೆ ಹೇಳುವುದು ಇದಕ್ಕೆ ತಿರುಗುಮುರುಗು. ಗಿಡಕ್ಕೆ ಹೊಡೆಯುವುದೆಲ್ಲ ನಮಗೆ ‘ಔಷಧಿ’. ಕೆಲವು ಕಡೆ ಅದನ್ನು ಎಣ್ಣೆ ಎನ್ನುತ್ತಾರೆ. ಹುಳುವಿಗೆ ಹೊಡೆಯುವುದೂ ಔಷಧಿ, ಕಳೆಗೆ ಹೊಡೆಯುವುದೂ ಔಷಧಿ, ಜ್ವರ ಬಂದ ಮಗುವಿಗೆ ಕುಡಿಸುವುದೂ ಔಷಧಿ! ಈ ವಿಷಯದಲ್ಲಿ ಇಂಗ್ಲಿಷು ಕಟ್ಟುನಿಟ್ಟು. ಡಬ್ಬಿಯ ಮೇಲಿನ ಹೆಸರು ‘-ಸೈಡ್’ ಎಂದು ಮುಗಿದರೆ ಕೊಲ್ಲುವುದು ಎಂದರ್ಥ. ಯಾವುದನ್ನು ಕೊಲ್ಲುವುದೆಂಬುದನ್ನು ಮುಂದಿನ ಭಾಗ ಹೇಳುತ್ತದೆ. ‘ಇನ್ಸೆಕ್ಟಿಸೈಡ್’ ಹುಳುವನ್ನು ಕೊಲ್ಲುತ್ತದೆ. ‘ಫಂಗಿಸೈಡ್’ ಬೂಷ್ಟಿನ ರೋಗವನ್ನು, ‘ರೋಡೆಂಟಿಸೈಡ್’ ಇಲಿಯನ್ನು ಕೊಲ್ಲುತ್ತದೆ. ‘ಹರ್ಬಿಸೈಡ್’ ಅಥವಾ ‘ವೀಡಿಸೈಡ್’ ಗಿಡವನ್ನೇ ಕೊಲ್ಲುತ್ತದೆ. ‘ಪೆಸ್ಟಿಸೈಡ್’ ಎಂಬುದು ಇವೆಲ್ಲಕ್ಕೂ ಸೇರಿದ ಮನೆತನದ ಹೆಸರು. ಬಿಲ್ಲಿನಲ್ಲಿ ಬರೀ ಪೆಸ್ಟಿಸೈಡ್ ಎಂದು ಬರೆದುಕೊಟ್ಟರೆ ಏನನ್ನೂ ಹೇಳಿದಂತಾಗಲಿಲ್ಲ.

ಕಳೆನಾಶಕದಲ್ಲಿಯೂ ಎರಡು ಬಗೆ. ‘ಸೆಲೆಕ್ಟಿವ್’ ಎಂದರೆ ಆಯ್ದು ಕೊಲ್ಲುವುದು, ‘ನಾನ್-ಸೆಲೆಕ್ಟಿವ್’ ಎಂದರೆ ಹಸುರಾಗಿರುವುದನ್ನೆಲ್ಲ ಒಣಗಿಸುವುದು. ಗ್ಲೈಫೋಸೇಟ್ ಈ ಎರಡನೆಯ ಬಗೆಯದು. 2,4-ಡಿ ಎಂಬುದು ಆಯ್ದು ಕೊಲ್ಲುವ ಬಗೆಯದು. ಜೋಳ ಕಬ್ಬುಗಳಂಥ ಹುಲ್ಲುಜಾತಿಯ ಬೆಳೆಯನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಕೊಲ್ಲುತ್ತದೆ. ಆದರೆ ಹತ್ತಿಯೂ ಟೊಮಾಟೊವೂ ದ್ರಾಕ್ಷಿಯೂ ಅದರ ಕಣ್ಣಿಗೆ ಅಗಲ ಎಲೆಯ ಕಳೆಗಳೇ. ಪಕ್ಕದ ಹೊಲದಿಂದ ಗಾಳಿಯಲ್ಲಿ ತೇಲಿಬಂದ ಹನಿಯೂ ಹತ್ತಿಯ ಎಲೆಯನ್ನು ಮುರುಟಿಸುತ್ತದೆ. ಸ್ಪ್ರೇಯರನ್ನು ಚೆನ್ನಾಗಿ ತೊಳೆಯದೆ ಮರುವಾರ ಅದರಲ್ಲೇ ಹುಳುವಿನ ಔಷಧಿ ಬೆರೆಸಿ ಹತ್ತಿಗೆ ಹೊಡೆದವರು, ಅಂಗಡಿಯವನು ಕಳಪೆ ಔಷಧಿ ಕೊಟ್ಟನೆಂದು ಜಗಳಕ್ಕೆ ಹೋಗುವುದುಂಟು. ಕಳೆನಾಶಕಕ್ಕೆ ಬೇರೆ ಸ್ಪ್ರೇಯರನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಆಗದಿದ್ದರೆ ನೆರೆಯವರೊಡನೆ ಕೂಡಿ ಒಂದನ್ನು ಕೊಳ್ಳಬಹುದು.

ಅಕ್ಷರ ಬಾರದವರಿಗೂ ತಿಳಿಯಲೆಂದು ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಗುರುತನ್ನು ಹಾಕಿರುತ್ತಾರೆ. ಇದು 1971ರ ಕೀಟನಾಶಕ ನಿಯಮಗಳಲ್ಲಿ ಬಂದದ್ದು. ಚೌಕದ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಘೋರ ವಿಷ. ಮೇಲೆ ತಲೆಬುರುಡೆಯ ಚಿತ್ರವೂ ‘ಪಾಯ್ಸನ್’ ಎಂಬ ಮಾತೂ ಇರುತ್ತದೆ. ಹಳದಿಯಾದರೆ ಬುರುಡೆಯಿಲ್ಲ, ‘ಪಾಯ್ಸನ್’ ಎಂಬ ಮಾತು ಉಂಟು. ನೀಲಿಗೆ ‘ಡೇಂಜರ್’, ಹಸುರಿಗೆ ‘ಕಾಷನ್’, ಅಂದರೆ ಎಚ್ಚರಿಕೆ. ತಿಂಡಿಯ ಪೊಟ್ಟಣದ ಮೇಲೆ ಸಸ್ಯಾಹಾರವೆಂದು ಹಸುರು ಚುಕ್ಕೆ ಹಾಕುವುದನ್ನು ನೋಡಿ ನೋಡಿ, ವಿಷದ ಡಬ್ಬಿಯ ಹಸುರೂ ಸಾಧುವೆಂದು ತಿಳಿದವರಿದ್ದಾರೆ. ಹಸುರು ಕೂಡ ವಿಷವೇ, ಪ್ರಮಾಣದಲ್ಲಿ ಕಡಿಮೆ. ಹಾಗೆಯೇ ‘ಟಾಕ್ಸಿಕ್’ ಎಂದರೆ ವಿಷವುಳ್ಳದ್ದು, ‘ಟಾನಿಕ್’ ಎಂದರೆ ಶಕ್ತಿಯ ಮದ್ದು. ಕಿವಿಗೆ ಎರಡೂ ಅಣ್ಣತಮ್ಮಂದಿರಂತೆ ಇರುವುದರಿಂದ ಇಂಥ ಸೀಸೆಗಳನ್ನು ಅಡಿಗೆಮನೆಯ ಗೂಡಿನಲ್ಲಿ ಇಡಲೇಬಾರದು.

ಡೀಸೆಲ್, ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಇನ್‌ಫ್ಲೇಮಬಲ್’ ಎಂದು ಬರೆದಿರುವುದನ್ನು ಕಂಡಿರುತ್ತೀರಿ. ಅಲ್ಪಸ್ವಲ್ಪ ಇಂಗ್ಲಿಷ್ ಬಲ್ಲವನಿಗೆ ಇಲ್ಲಿ ಹೆಚ್ಚು ಅಪಾಯ. ‘ಇನ್’ ಎಂಬುದು ಇಂಗ್ಲಿಷಿನಲ್ಲಿ ನಮ್ಮ ‘ಅ’ಕಾರದಂತೆ ಇಲ್ಲ ಎಂಬ ಅರ್ಥವನ್ನು ಕೊಡುವುದುಂಟು. ಆದುದರಿಂದ ಬೆಂಕಿ ಹೊತ್ತದ್ದು ಎಂದು ಅವನು ಅರ್ಥಮಾಡುತ್ತಾನೆ. ಈ ಮಾತಿನಲ್ಲಿ ‘ಇನ್’ ಎಂದರೆ ಒಳಗೆ. ಒಳಗೆಲ್ಲ ಉರಿ ಹತ್ತುವಂಥದು ಎಂದರ್ಥ. ‘ಫ್ಲೇಮಬಲ್’ ಎಂದರೂ ಅದೇ, ಸುಲಭವಾಗಿ ಹೊತ್ತಿಕೊಳ್ಳುವುದು. ಈ ಗೊಂದಲದಿಂದ ಅನಾಹುತವಾದೀತೆಂದು ಅಮೆರಿಕದ ಬೆಂಕಿ ತಡೆಯುವ ಸಂಘದವರೇ 1920ರ ದಶಕದಲ್ಲಿ ‘ಇನ್’ ಬಿಟ್ಟು ‘ಫ್ಲೇಮಬಲ್’ ಎಂದೇ ಬರೆಯಬೇಕೆಂದು ಒತ್ತಾಯಪಡಿಸಿದರು. ಹೊತ್ತದ್ದಕ್ಕೆ ‘ನಾನ್-ಫ್ಲೇಮಬಲ್’ ಎಂಬ ಮಾತಿದೆ. ಇಂಗ್ಲಿಷಿನವರನ್ನು ನೋಡಿ ನಗಬೇಕಾಗಿಲ್ಲ. ನಮ್ಮ ‘ಅಮೂಲ್ಯ’ವೂ ಹಾಗೆಯೇ. ಅಕ್ಷರ ಹಿಡಿದು ಹೋದರೆ ಬೆಲೆಯಿಲ್ಲದ್ದು, ಬಳಕೆಯಲ್ಲಿ ಬೆಲೆಕಟ್ಟಲಾಗದ್ದು.

ಮನುಷ್ಯರ ಔಷಧಿಗೆ ಬರೋಣ. ‘ಟೀ ಸ್ಪೂನ್’ ಎಂದರೆ 5 ಎಂ.ಎಲ್., ‘ಟೇಬಲ್ ಸ್ಪೂನ್’ ಎಂದರೆ 15 ಎಂ.ಎಲ್. ಚಮಚ ಚಮಚವೇ ಎಂದುಕೊಂಡರೆ ಮಗುವಿಗೆ ಮೂರು ಪಾಲು ಔಷಧಿ ಹೋಗುತ್ತದೆ. ‘ಎಂ.ಎಲ್.’ ಎಂಬುದು ದ್ರವದ ಅಳತೆ, ‘ಎಂ.ಜಿ.’ ಎಂಬುದು ಅದರೊಳಗಿನ ಮದ್ದಿನ ತೂಕ. ಜ್ವರಕ್ಕೆ ಕೊಡುವ ಪ್ಯಾರಸಿಟಮಾಲ್ ಸಿರಪ್ಪು ಒಂದು ಸೀಸೆಯಲ್ಲಿ 5 ಎಂ.ಎಲ್.ಗೆ 125 ಎಂ.ಜಿ. ಇದ್ದರೆ ಇನ್ನೊಂದರಲ್ಲಿ 250 ಎಂ.ಜಿ. ಇರುತ್ತದೆ. ಹೋದ ಸಲದ ಚಮಚದ ಲೆಕ್ಕವನ್ನು ಹೊಸ ಸೀಸೆಗೆ ಹಚ್ಚಿದರೆ ಎರಡು ಪಟ್ಟು ಕೊಟ್ಟಂತಾಗಬಹುದು. ಈ ಮದ್ದು ಮಿತಿ ಮೀರಿದರೆ ಪಿತ್ತಜನಕಾಂಗಕ್ಕೆ ಕೇಡು. ಸೀಸೆಯ ಜೊತೆಗೆ ಬರುವ ಗೆರೆಯುಳ್ಳ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಿರಿ.

‘ಹೈಪರ್’ ಎಂದರೆ ಮೇಲೆ, ‘ಹೈಪೋ’ ಎಂದರೆ ಕೆಳಗೆ. ಹಿಂದೆ ಹೇಳಿದ ಹೈಪಾಥಿಕೇಷನ್ನಿನಲ್ಲಿ ಇರುವುದೂ ಈ ಹೈಪೋ ಎಂಬುದೇ. ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದನ್ನು ಎಲ್ಲರೂ ಬಾಯಿಪಾಠ ಮಾಡಬೇಕು. ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದವರು ಬೆವತು ನಡುಗುತ್ತಿದ್ದರೆ ಅದು ‘ಹೈಪೋ’, ಸಕ್ಕರೆ ಇಳಿದಿದೆ. ಎಚ್ಚರವಿದ್ದರೆ ಕೂಡಲೇ ಸಕ್ಕರೆಯ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ‘ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯೇ?’ ಎಂದು ತಡೆಯುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ‘ಪಾಸಿಟಿವ್’, ‘ನೆಗೆಟಿವ್’ ಎಂಬುದನ್ನು 2020ರ ಜಾಡ್ಯವೇ ನಮಗೆಲ್ಲ ಕಲಿಸಿತು: ಹುಡುಕಿದ್ದು ಸಿಕ್ಕಿದರೆ ಪಾಸಿಟಿವ್, ಸಿಗದಿದ್ದರೆ ನೆಗೆಟಿವ್. ರಕ್ತದ ಗುಂಪಿನ ನೆಗೆಟಿವ್ ಮಾತ್ರ ರೋಗಕ್ಕೆ ಸಂಬಂಧಪಟ್ಟದ್ದಲ್ಲ.

ಬಿತ್ತನೆಯ ಕಾಲವಾದ್ದರಿಂದ ಬೀಜದ ಎರಡು ಮಾತು ಹೇಳಿ ಮುಗಿಸುತ್ತೇನೆ. ‘ಹೈಬ್ರಿಡ್’ ಬೀಜದ ಬೆಳೆಯಿಂದ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಪೈರು ಒಂದೊಂದು ಒಂದೊಂದು ಬಗೆ. ‘ವೆರೈಟಿ’, ಅಂದರೆ ತಳಿ, ಎಂದಿದ್ದರೆ ಶುದ್ಧವಾಗಿಟ್ಟುಕೊಂಡು ಮತ್ತೆ ಬಿತ್ತಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ರಾಗಿಗಳನ್ನು ಕೊಟ್ಟರು. ಹುಟ್ಟು ಸಂಕರದಿಂದಾದರೂ ಅವನ್ನು ಹಲವು ಪೀಳಿಗೆ ಆಯ್ದು ಸ್ಥಿರಪಡಿಸಿದ್ದರಿಂದ ಅವು ತಳಿಗಳೇ. ರೈತರು ಬೀಜವನ್ನು ಮನೆಯಲ್ಲೇ ಇಟ್ಟುಕೊಂಡರು. ಚೀಲದ ಬಾಯಿಗೆ ಹೊಲಿದ ಚೀಟಿ ನೀಲಿಯಾಗಿದ್ದರೆ ‘ಸರ್ಟಿಫೈಡ್’, ಪ್ರಮಾಣನ ಸಂಸ್ಥೆಯವರು ಹೊಲ ನೋಡಿ ಪರೀಕ್ಷಿಸಿದ ಬೀಜ. ‘ಟ್ರುತ್‌ಫುಲ್ ಲೇಬಲ್’ ಎಂಬುದಕ್ಕೆ ಸತ್ಯವಾದ ಚೀಟಿ ಎಂದರ್ಥವಾದರೂ, ಆ ಸತ್ಯವನ್ನು ಹೇಳುತ್ತಿರುವವನು ಬೀಜದ ಮಾಲೀಕನೇ. ಎರಡನ್ನೂ ಕೊಳ್ಳಬಹುದು. ಯಾವುದೇ ಆದರೂ ಚೀಟಿಯನ್ನೂ ಬಿಲ್ಲನ್ನೂ ಸುಗ್ಗಿ ಮುಗಿಯುವವರೆಗೆ ಜೋಪಾನ ಮಾಡಿರಿ.

ಪಾಸ್‌ಬುಕ್ಕು, ಪತ್ರ, ಡಬ್ಬಿ, ಸೀಸೆ ಏನಾದರೂ ಇದ್ದರೆ ತರಬೇಕೆಂದು ಹೇಳಿಕಳುಹಿಸಿದ್ದೆವು. ತಂದವರು ಮುಂದಕ್ಕೆ ಬನ್ನಿ, ಒಂದೊಂದಾಗಿ ಓದಿ ನೋಡೋಣ. ತಾಯಂದಿರದು ಮೊದಲಾಗಲಿ, ಅವರು ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು.